ಸಕ್ಕರೆ ನೀರು ಬೆಳಕಿಗೆ ಏನು ಮಾಡಿತು? ಫೋಟಾನ್‌ಗಳಿಂದ ಕ್ವಾಂಟಮ್ ಪ್ರಕ್ರಿಯೆಯನ್ನು ಅಳೆಯುವ ಬಗೆ

ಪೋಲಾರಿಮೀಟರ್ ಇಲ್ಲದೆ ಸಕ್ಕರೆ ಕಾರ್ಖಾನೆಯ ಲ್ಯಾಬ್ ನಡೆಯುವುದಿಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಕಬ್ಬಿನ ಲೆಕ್ಕದಲ್ಲೇ ವರ್ಷ ಎಣಿಸುವ ಮಂಡ್ಯದಲ್ಲಿ ಆ ಯಂತ್ರದ ಪರಿಚಯ ಇರುವವರು ಕಡಿಮೆಯೇನಲ್ಲ. ಕಬ್ಬಿನ ಹಾಲನ್ನು ತಿಳಿಗೊಳಿಸಿ, ಸೋಸಿ, 200 ಮಿಲಿಮೀಟರ್ ಉದ್ದದ ಕೊಳವೆಗೆ ಗುಳ್ಳೆ ನಿಲ್ಲದಂತೆ ತುಂಬುತ್ತಾರೆ. ಒಂದು ತುದಿಯಿಂದ ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಬಿಟ್ಟು, ಇನ್ನೊಂದು ತುದಿಯಲ್ಲಿ ಆ ದಿಕ್ಕು ಎಷ್ಟು ತಿರುಗಿದೆ ಎಂದು ಓದುತ್ತಾರೆ. 100 ಮಿಲಿಲೀಟರ್ ದ್ರಾವಣದಲ್ಲಿ 26 ಗ್ರಾಂ ಶುದ್ಧ ಸಕ್ಕರೆ ಇದ್ದರೆ ಸೋಡಿಯಂ ದೀಪದ ಹಳದಿ ಬೆಳಕು 34.6 ಡಿಗ್ರಿ ತಿರುಗುತ್ತದೆ. ಮಾಪಕದ 100ರ ಗುರುತು ಅದೇ. ಓದಿದ ಅಂಕಿಗೆ 'ಪೋಲ್' ಎನ್ನುತ್ತಾರೆ.

ಈ ಯಂತ್ರ ಕೇಳುವುದು ಒಂದೇ ಪ್ರಶ್ನೆ: ಎಷ್ಟು ತಿರುಗಿತು? ಸಕ್ಕರೆ ನೀರು ಬೆಳಕನ್ನು ತಿರುಗಿಸುತ್ತದೆ, ತಿರುಗಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂಬುದನ್ನು ಅದು ಮೊದಲೇ ಒಪ್ಪಿಕೊಂಡು ಕೂತಿದೆ. ಕೊಳವೆಯ ಮುಚ್ಚಳವನ್ನು ಜೋರಾಗಿ ಬಿಗಿದರೆ ತುದಿಯ ಗಾಜಿನ ಮೇಲೆ ಒತ್ತಡ ಬಿದ್ದು, ಆ ಗಾಜೇ ಬೆಳಕಿನ ಧ್ರುವೀಕರಣವನ್ನು ಕೆಡಿಸುತ್ತದೆ. ಆಗಲೂ ಯಂತ್ರ ಒಂದು ಅಂಕಿ ಕೊಡುತ್ತದೆ. ಅದು ಸಕ್ಕರೆಯ ಅಂಕಿಯೋ ಗಾಜಿನ ಅಂಕಿಯೋ ಎಂದು ಹೇಳುವುದಿಲ್ಲ, ಹೇಳುವ ಶಕ್ತಿಯೂ ಅದಕ್ಕಿಲ್ಲ.

ಕ್ವಾಂಟಮ್ ಲ್ಯಾಬಿನಲ್ಲಿ ಕೇಳುವ ಪ್ರಶ್ನೆ ಇದಕ್ಕಿಂತ ಒಂದು ಮೆಟ್ಟಿಲು ಹಿಂದಿನದು. ಒಳಗೇನಿದೆಯೋ ಗೊತ್ತಿಲ್ಲದ ಒಂದು ಪೆಟ್ಟಿಗೆ. ಈ ಕಡೆಯಿಂದ ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಹೋಗುತ್ತದೆ, ಆ ಕಡೆಯಿಂದ ಬರುತ್ತದೆ. ಪೆಟ್ಟಿಗೆ ಏನು ಮಾಡಿತು? 'ಎಷ್ಟು' ಎಂಬುದು ಆಮೇಲಿನ ಮಾತು. ಈ 'ಏನು' ಎಂಬುದಕ್ಕೆ ಪೂರ್ತಿ ಉತ್ತರ ಹುಡುಕುವ ವಿಧಾನಕ್ಕೆ ಕ್ವಾಂಟಮ್ ಪ್ರಾಸೆಸ್ ಟೊಮೊಗ್ರಫಿ ಎಂದು ಹೆಸರು. 1997ರಲ್ಲಿ ಎರಡು ಗುಂಪುಗಳು, ಒಂದರಲ್ಲಿ ಚುವಾಂಗ್ ಮತ್ತು ನೀಲ್ಸನ್, ಇನ್ನೊಂದರಲ್ಲಿ ಪೊಯಾಟೊಸ್, ಸಿರಾಕ್ ಮತ್ತು ಜೊಲ್ಲರ್, ಬೇರೆ ಬೇರೆಯಾಗಿಯೇ ಇದರ ಲೆಕ್ಕವನ್ನು ಮುಂದಿಟ್ಟವು.

ಈಗ ಈ ಮಾತು ಯಾಕೆಂದರೆ, ಹಣ ಬಂದಿದೆ. 2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030-31ರ ಹೊತ್ತಿಗೆ 50ರಿಂದ 1,000 ಕ್ಯೂಬಿಟ್‌ಗಳ (ಕ್ವಾಂಟಮ್ ಮಾಹಿತಿಯ ಮೂಲ ಘಟಕಗಳ) ಯಂತ್ರ ಕಟ್ಟುವುದು ಅದರ ಗುರಿಗಳಲ್ಲಿ ಒಂದು. ನಾಲ್ಕು ಮುಖ್ಯ ಕೇಂದ್ರಗಳ ಪೈಕಿ ಕಂಪ್ಯೂಟಿಂಗ್‌ನದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಇನ್ನು ಮುಂದೆ ಪತ್ರಿಕೆಗಳಲ್ಲಿ 'ಇಷ್ಟು ಪ್ರತಿಶತ ಫಿಡೆಲಿಟಿ ಸಾಧನೆ' ಎಂಬ ಸುದ್ದಿ ಆಗಾಗ ಬರಲಿದೆ. ಫಿಡೆಲಿಟಿ ಎಂದರೆ ಪೆಟ್ಟಿಗೆ ಮಾಡಿದ್ದು ಮಾಡಬೇಕಾದದ್ದಕ್ಕೆ ಎಷ್ಟು ಹತ್ತಿರ ಎಂಬ ಅಂಕಿ. ಆ ಅಂಕಿ ಬಹುಮಟ್ಟಿಗೆ ಪೋಲ್ ಅಂಕಿಯಂಥದೇ. ಹಿಂದೆ ಏನನ್ನು ಒಪ್ಪಿಕೊಂಡು ಅಳೆದಿದ್ದಾರೆ ಎಂಬುದು ಗೊತ್ತಿಲ್ಲದಿದ್ದರೆ ಅದನ್ನು ಓದಿ ಪ್ರಯೋಜನವಿಲ್ಲ.

ಗೋಳ, ನಿಂಬೆಹಣ್ಣು, ದೋಸೆ

ಫೋಟಾನಿನ ಧ್ರುವೀಕರಣವೇ ಇಲ್ಲಿ ಕ್ಯೂಬಿಟ್. ಬೆಳಕಿನ ಕಂಪನ ಅಡ್ಡವಾಗಿರಬಹುದು, ಲಂಬವಾಗಿರಬಹುದು, 45 ಡಿಗ್ರಿ ಓರೆಯಾಗಿರಬಹುದು, ಇಲ್ಲವೇ ಬಲಕ್ಕೋ ಎಡಕ್ಕೋ ಸುತ್ತುತ್ತಿರಬಹುದು. ಇವನ್ನೆಲ್ಲ ಒಂದು ಗೋಳದ ಮೇಲೆ ಗುರುತಿಸುತ್ತಾರೆ: ನೇರ ಕಂಪನಗಳೆಲ್ಲ ನಡುಪಟ್ಟಿಯ ಮೇಲೆ, ಬಲಸುತ್ತು ಒಂದು ಧ್ರುವದಲ್ಲಿ, ಎಡಸುತ್ತು ಇನ್ನೊಂದರಲ್ಲಿ. ಅಡ್ಡಕ್ಕೂ ಲಂಬಕ್ಕೂ ನಡುವೆ ನಿಜವಾದ ಕೋನ 90 ಡಿಗ್ರಿ, ಗೋಳದ ಮೇಲೆ 180. ಹಾಗಾಗಿ ಮೇಜಿನ ಮೇಲಿನ ಒಂದು ಡಿಗ್ರಿ ಗೋಳದ ಮೇಲೆ ಎರಡಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ತೊಂದರೆ ಕೊಡುವುದು ಇದೇ.

ಈ ಗೋಳಕ್ಕೆ ಫ್ರೆಂಚ್ ಗಣಿತಜ್ಞ ಪ್ವಾಂಕರೆಯ ಹೆಸರಿದೆ. ಅದರ ಮೇಲೆ ನಡೆದ ಕೆಲಸದಲ್ಲಿ ಮೈಸೂರಿಗೂ ಒಂದು ಪಾಲಿದೆ. 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, ಧ್ರುವೀಕರಣವನ್ನು ಗೋಳದ ಮೇಲೆ ಒಂದು ಸುತ್ತು ತಿರುಗಿಸಿ ಹೊರಟಲ್ಲಿಗೇ ತಂದರೂ ಬೆಳಕು ಆ ಸುತ್ತಿನ ಗುರುತನ್ನು ಹಂತವ್ಯತ್ಯಾಸದ (ಅಲೆಯ ಏರಿಳಿತ ಮುಂದೋ ಹಿಂದೋ ಸರಿಯುವುದರ) ರೂಪದಲ್ಲಿ ಹೊತ್ತುಕೊಂಡಿರುತ್ತದೆ ಎಂದು ತೋರಿಸಿದರು. 1960ರ ದಶಕದ ಆರಂಭದಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿದ್ದರು. ಆಗ ವಿಭಾಗದ ಮುಖ್ಯಸ್ಥರು ಅವರ ಅಣ್ಣ, ದ್ರವಸ್ಫಟಿಕಗಳ ಸಂಶೋಧನೆಗೆ ಹೆಸರಾದ ಎಸ್. ಚಂದ್ರಶೇಖರ್. ಪಂಚರತ್ನಂ 1969ರಲ್ಲಿ, 35ನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಈಗ ಟೊಮೊಗ್ರಫಿ ಮೇಜಿನ ಮೇಲೆ ಮೋಟಾರಿನಿಂದ ತಿರುಗುವ ಫಲಕದ ಬದಲು ವೋಲ್ಟೇಜಿನಿಂದ ಬದಲಾಗುವ ದ್ರವಸ್ಫಟಿಕದ ಫಲಕ ಕಂಡಾಗ ಅಣ್ಣ ತಮ್ಮ ಇಬ್ಬರ ಕೆಲಸವೂ ಒಂದೇ ಚೌಕಟ್ಟಿನಲ್ಲಿ ಸೇರಿದಂತೆ ಕಾಣುತ್ತದೆ.

ಒಂದು ಪೆಟ್ಟಿಗೆ ಕ್ಯೂಬಿಟ್‌ಗೆ ಏನೇ ಮಾಡಲಿ, ಅದನ್ನು ಗೋಳಕ್ಕೆ ಏನಾಯಿತು ಎಂದು ನೋಡಿಯೇ ಹೇಳಬಹುದು. ಗೋಳ ತಿರುಗಬಹುದು, ಕುಗ್ಗಬಹುದು, ನಿಂಬೆಹಣ್ಣಿನ ಆಕಾರಕ್ಕೆ ಹಿಂಡಿಕೊಳ್ಳಬಹುದು, ಅದರ ನಡು ಪಕ್ಕಕ್ಕೆ ಸರಿಯಬಹುದು. ನಡು ಎಲ್ಲಿಗೆ ಸರಿಯಿತು ಎನ್ನಲು 3 ಅಂಕಿ, ತಿರುಗುವಿಕೆ ಮತ್ತು ಹಿಂಡುವಿಕೆಗೆ 9, ಒಟ್ಟು 12. ನಾಲ್ಕು ಬಗೆಯ ಫೋಟಾನ್ ಒಳಕ್ಕೆ ಬಿಟ್ಟು (ಅಡ್ಡ, ಲಂಬ, ಓರೆ, ಬಲಸುತ್ತು) ಒಂದೊಂದನ್ನೂ ಮೂರು ದಿಕ್ಕಿನಲ್ಲಿ ಅಳೆದರೆ 12 ಅಂಕಿ ಸಿಕ್ಕುತ್ತವೆ. ವಿಧಾನದ ಗಣಿತವೆಲ್ಲ ಇಷ್ಟೇ ಎಂದರೂ ತಪ್ಪಿಲ್ಲ.

ಆದರೆ ಎಲ್ಲ ಆಕಾರಗಳಿಗೂ ಪ್ರಕೃತಿಯ ಪರವಾನಗಿ ಇಲ್ಲ. ಗೋಳವನ್ನು ಅದೇ ಅಗಲ ಉಳಿಸಿಕೊಂಡು ದೋಸೆಯಂತೆ ಚಪ್ಪಟೆ ಮಾಡಲು ಬರುವುದಿಲ್ಲ. ದಪ್ಪ ಕಳೆದುಕೊಂಡರೆ ಅಗಲವೂ ಕಳೆದುಕೊಳ್ಳಬೇಕು. ಗೋಳವನ್ನು ಒಳಹೊರಗು ಮಾಡಿದಂತೆ ತಿರುವಿಹಾಕಲೂ ಆಗದು. ಈ ನಿಬಂಧನೆಯನ್ನು ಮರೆತು ಲೆಕ್ಕ ಹಾಕಿದರೆ ಋಣ ಸಂಭವನೀಯತೆ ಎಂಬ ಅರ್ಥವಿಲ್ಲದ ಉತ್ತರ ಹೊರಬರುತ್ತದೆ. ಆ ಕಥೆ ಕೆಳಗಿದೆ.

ಮೇಜಿನ ಮೇಲೆ

405 ನ್ಯಾನೊಮೀಟರಿನ ನೇರಳೆ ಡಯೋಡ್ ಲೇಸರ್. ಅದರ ಮುಂದೆ ಕೆಲವು ಮಿಲಿಮೀಟರ್ ದಪ್ಪದ ಬಿಬಿಓ (ಬೇರಿಯಂ ಬೋರೇಟ್) ಹರಳು. ಕೋಟಿಗಟ್ಟಲೆ ನೇರಳೆ ಫೋಟಾನ್‌ಗಳಲ್ಲಿ ಎಲ್ಲೋ ಒಂದು ಹರಳಿನೊಳಗೆ ಎರಡಾಗಿ ಒಡೆದು, 810 ನ್ಯಾನೊಮೀಟರಿನ ಎರಡು ಫೋಟಾನ್‌ಗಳಾಗಿ ಕವಲು ದಾರಿಯಲ್ಲಿ ಹೊರಬರುತ್ತದೆ. ಒಂದು ನೇರವಾಗಿ ಡಿಟೆಕ್ಟರಿಗೆ ಹೋಗಿ 'ಜೊತೆಯದು ಬರುತ್ತಿದೆ' ಎಂದು ಸಾರುತ್ತದೆ. ಇನ್ನೊಂದು ಪೆಟ್ಟಿಗೆಯ ಮೂಲಕ ಹಾಯುತ್ತದೆ. ಎರಡೂ ಡಿಟೆಕ್ಟರುಗಳು ಕೆಲವೇ ನ್ಯಾನೊಸೆಕೆಂಡಿನ ಒಳಗೆ ಟಿಕ್ ಎಂದರೆ ಮಾತ್ರ ಎಣಿಕೆ.

ಪೆಟ್ಟಿಗೆಗೆ ಮೊದಲು ಪೋಲರೈಸರ್, ಹಾಫ್ ವೇವ್ ಪ್ಲೇಟ್, ಕ್ವಾರ್ಟರ್ ವೇವ್ ಪ್ಲೇಟ್, ಇದೇ ಸಾಲಿನಲ್ಲಿ. ಪೋಲರೈಸರ್ ಒಂದೇ ದಿಕ್ಕಿನ ಕಂಪನವನ್ನು ದಾಟಿಸುತ್ತದೆ. ಪ್ಲೇಟ್‌ಗಳು ಕಂಪನದ ಒಂದು ದಿಕ್ಕನ್ನು ಇನ್ನೊಂದಕ್ಕಿಂತ ಅರ್ಧ ಅಥವಾ ಕಾಲು ತರಂಗ ಹಿಂದೆ ಬೀಳಿಸುವ ಫಲಕಗಳು. ಹಾಫ್ ವೇವ್ ಪ್ಲೇಟನ್ನು ಎಷ್ಟು ತಿರುಗಿಸಿದರೂ ಧ್ರುವೀಕರಣ ಅದರ ಎರಡರಷ್ಟು ತಿರುಗುತ್ತದೆ. ಎರಡೂ ಪ್ಲೇಟ್ ಸೊನ್ನೆಯಲ್ಲಿದ್ದರೆ ಅಡ್ಡ. ಹಾಫ್ 45ಕ್ಕೆ ಹೋದರೆ ಲಂಬ. ಹಾಫ್ 22.5, ಕ್ವಾರ್ಟರ್ 45 ಆದರೆ ಓರೆ. ಹಾಫ್ ಸೊನ್ನೆ, ಕ್ವಾರ್ಟರ್ 45 ಆದರೆ ಸುತ್ತು. ಪೆಟ್ಟಿಗೆಯಾದ ಮೇಲೆ ಇದೇ ಸಾಮಾನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕ್ರಮದಲ್ಲಿ: ಕ್ವಾರ್ಟರ್, ಹಾಫ್, ಕೊನೆಗೆ ಧ್ರುವೀಕರಣವನ್ನು ಬೇರ್ಪಡಿಸುವ ಗಾಜಿನ ಘನ. ಆ ಘನದಿಂದ ನೇರ ದಾಟಿಬಂದ ಬೆಳಕನ್ನೇ ನಂಬಬೇಕು. ಪಕ್ಕಕ್ಕೆ ಪ್ರತಿಫಲಿಸಿದ್ದರಲ್ಲಿ ಬೇಡದ ಧ್ರುವೀಕರಣದ ಬೆರಕೆ ಹೆಚ್ಚು.

ಇಷ್ಟಾದ ಮೇಲೆ ಬೆಳಕನ್ನು ಫೈಬರಿಗೆ ಹಾಕಬಹುದು, ಮೊದಲು ಹಾಕಬಾರದು. ಸಿಂಗಲ್ ಮೋಡ್ ಫೈಬರ್ ಬಾಗಿದರೆ, ಬಿಸಿಯಾದರೆ, ಯಾರಾದರೂ ಮುಟ್ಟಿದರೂ ಸಾಕು, ಒಳಗಿನ ಧ್ರುವೀಕರಣ ತಿರುಗಿಬಿಡುತ್ತದೆ. ವಿಶ್ಲೇಷಣೆ ಮುಗಿದ ಮೇಲಾದರೆ ತಿರುಗಿದರೂ ಚಿಂತೆಯಿಲ್ಲ, ಎಣಿಕೆ ಮಾತ್ರ ಬೇಕಿರುವುದು.

ಲೇಸರಿನ ಶಕ್ತಿ ಏರಿಸಿದರೆ ಕೆಲಸ ಬೇಗ ಮುಗಿಯುತ್ತದಲ್ಲ ಎನಿಸಬಹುದು. ಎರಡೂ ಡಿಟೆಕ್ಟರುಗಳಲ್ಲಿ ಸೆಕೆಂಡಿಗೆ 50,000 ಟಿಕ್, ಜೋಡಿ ಎಣಿಕೆ 5,000, ಕಾಯುವ ಕಿಟಕಿ 3 ನ್ಯಾನೊಸೆಕೆಂಡ್ ಎಂದಿಟ್ಟುಕೊಳ್ಳಿ. ಸಂಬಂಧವೇ ಇಲ್ಲದ ಎರಡು ಟಿಕ್‌ಗಳು ಆಕಸ್ಮಿಕವಾಗಿ ಒಟ್ಟಿಗೆ ಬೀಳುವ ಸಂಖ್ಯೆ 50,000ವನ್ನು 50,000ದಿಂದ ಗುಣಿಸಿ ಕಿಟಕಿಯ ಅಗಲದಿಂದ ಗುಣಿಸಿದಷ್ಟು, ಅಂದರೆ ಸೆಕೆಂಡಿಗೆ 7.5. ನಿಜವಾದ 5,000ದ ಮುಂದೆ ಅದು ಶೇ. 0.15. ಲೇಸರನ್ನು ಹತ್ತು ಪಟ್ಟು ಏರಿಸಿದರೆ ಜೋಡಿಗಳು 50,000 ಆಗುತ್ತವೆ, ಆಕಸ್ಮಿಕಗಳು 750 ಆಗುತ್ತವೆ. ಪಾಲು ಶೇ. 1.5ಕ್ಕೆ ಜಿಗಿಯಿತು. ಸೊನ್ನೆ ಬರಬೇಕಾದ ಜಾಗದಲ್ಲಿ ಸೊನ್ನೆ ಬರದಿದ್ದರೆ ಪೆಟ್ಟಿಗೆಯ ಮೇಲೆ ಇಲ್ಲದ ದೂರು ಹೊರಿಸಿದಂತಾಗುತ್ತದೆ.

ಡಿಟೆಕ್ಟರಿನ ಹತ್ತಿರ ಇರುವ ಎಕ್ಸ್‌ಟೆನ್ಷನ್ ಬೋರ್ಡಿನ ಕೆಂಪು ದೀಪಕ್ಕೆ ಕಪ್ಪು ಟೇಪ್ ಅಂಟಿಸಬೇಕು ಎಂಬುದು ಯಾವ ಪಠ್ಯದಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಅಂಟಿಸಬೇಕು.

ಎರಡು ಕೊಳವೆ, ಒಂದೇ ಅಂಕಿ

ಈಗ ಆ ಸಕ್ಕರೆ ಕೊಳವೆಯನ್ನೇ ಪೆಟ್ಟಿಗೆಯ ಜಾಗದಲ್ಲಿಡೋಣ. ಕಪ್ಪಗಿನ ಹಾಲನ್ನು ಸೀಸದ ಉಪ್ಪು ಹಾಕಿ ತಿಳಿಗೊಳಿಸುವ ರಗಳೆ ತಪ್ಪಲೆಂದು ಸಕ್ಕರೆ ಉದ್ಯಮದ ಕೆಲವು ಯಂತ್ರಗಳು ಈಗ 880 ನ್ಯಾನೊಮೀಟರ್ ಸುಮಾರಿನ, ಕಣ್ಣಿಗೆ ಕಾಣದ ಬೆಳಕನ್ನು ಬಳಸುತ್ತವೆ. ನಮ್ಮ 810 ಅದರ ನೆರೆಮನೆ. ತರಂಗದೂರ ಹೆಚ್ಚಿದಷ್ಟೂ ಸಕ್ಕರೆ ಬೆಳಕನ್ನು ತಿರುಗಿಸುವುದು ಕಡಿಮೆ. ಅದೇ 26 ಗ್ರಾಂ ದ್ರಾವಣ 810ರಲ್ಲಿ ಹಳದಿ ಬೆಳಕಿನ ಸುಮಾರು ಅರ್ಧದಷ್ಟು, ಅಂದರೆ 18 ಡಿಗ್ರಿ ಹತ್ತಿರ ತಿರುಗಿಸುತ್ತದೆ. ಲೆಕ್ಕಕ್ಕೆ 18 ಎಂದೇ ಹಿಡಿಯೋಣ.

ಅಡ್ಡ ಫೋಟಾನ್‌ಗಳನ್ನು ಬಿಟ್ಟು, ಹೊರಬಂದ 10,000ವನ್ನು ಅಡ್ಡ-ಲಂಬವಾಗಿ ಎಣಿಸಿದರೆ ಅಡ್ಡ 9,045, ಲಂಬ 955.

ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇದೆ ಎನ್ನಿ. ಇದು ಬೇರೆ ಜಾತಿಯದು. ನೂರರಲ್ಲಿ ಸರಾಸರಿ ಒಂಬತ್ತೂವರೆ ಫೋಟಾನ್‌ಗಳನ್ನು, ಯಾವುದೆಂದು ಹೇಳದೆ ಕೇಳದೆ, ಪೂರ್ತಿ 90 ಡಿಗ್ರಿ ತಿರುಗಿಸಿಬಿಡುತ್ತದೆ. ಉಳಿದವನ್ನು ಮುಟ್ಟುವುದಿಲ್ಲ. ಇದಕ್ಕೂ ಅಡ್ಡ ಫೋಟಾನ್ ಬಿಟ್ಟು ಎಣಿಸಿ: ಅಡ್ಡ 9,045, ಲಂಬ 955. ಬಲಸುತ್ತಿನ ಫೋಟಾನ್ ಬಿಟ್ಟರೆ ಎರಡೂ ಪೆಟ್ಟಿಗೆಯಿಂದ ಅದು ಹಾಗೆಯೇ ಹೊರಬರುತ್ತದೆ. 'ಏನೂ ಮಾಡದ ಪೆಟ್ಟಿಗೆ'ಗೆ ಇವು ಎಷ್ಟು ಹತ್ತಿರ ಎಂದು ಕೇಳಿದರೆ ಎರಡಕ್ಕೂ ಒಂದೇ ಉತ್ತರ, ಪ್ರಕ್ರಿಯಾ ಫಿಡೆಲಿಟಿ 0.9045.

ಅಡ್ಡ ಫೋಟಾನನ್ನೇ ಬಿಟ್ಟು ಈ ಸಲ ಓರೆಯಾಗಿ ಎಣಿಸಿ. ಸಕ್ಕರೆ ಕೊಳವೆಯಿಂದ ಬಂದ 10,000ದಲ್ಲಿ ಒಂದು ಓರೆಗೆ 7,939, ಎದುರು ಓರೆಗೆ 2,061. ಚಂಚಲ ಪೆಟ್ಟಿಗೆಯಿಂದ ಬಂದದ್ದು 5,000ಕ್ಕೆ 5,000. ಇಲ್ಲಿಗೆ ಬಣ್ಣ ಬಯಲಾಯಿತು. ಗೋಳದ ಮೇಲೆ ನೋಡಿದರೆ ಸಕ್ಕರೆ ಕೊಳವೆ ಗೋಳವನ್ನು ಹಾಗೆಯೇ 36 ಡಿಗ್ರಿ ತಿರುಗಿಸಿದೆ. ಚಂಚಲ ಪೆಟ್ಟಿಗೆ ನಡುಪಟ್ಟಿಯನ್ನು 0.81ಕ್ಕೆ ಕುಗ್ಗಿಸಿ ಗೋಳವನ್ನು ನಿಂಬೆಹಣ್ಣು ಮಾಡಿದೆ.

ಇದು ಬರಿಯ ಲೆಕ್ಕದ ಚಮತ್ಕಾರವಲ್ಲ. ಮೊದಲನೆಯ ತಪ್ಪಿಗೆ ಮದ್ದಿದೆ: 9 ಡಿಗ್ರಿ ಅಂತರದಲ್ಲಿ ಎರಡು ಹಾಫ್ ವೇವ್ ಪ್ಲೇಟ್ ಇಟ್ಟರೆ 18 ಡಿಗ್ರಿ ಹಿಂದಕ್ಕೆ ತಿರುಗಿ ಫಿಡೆಲಿಟಿ ಒಂದಕ್ಕೆ ಬರುತ್ತದೆ. ಎರಡನೆಯದಕ್ಕೆ ಯಾವ ಪ್ಲೇಟ್ ಇಟ್ಟರೂ ಸರಿಹೋಗದು, ಮಾಹಿತಿ ಕಳೆದೇಹೋಗಿದೆ. ಒಂದನ್ನು ಸಂಜೆಯೊಳಗೆ ರಿಪೇರಿ ಮಾಡಬಹುದು, ಇನ್ನೊಂದಕ್ಕೆ ಪೆಟ್ಟಿಗೆಯನ್ನೇ ಹೊಸದಾಗಿ ಕಟ್ಟಬೇಕು. '90.45 ಪ್ರತಿಶತ' ಎಂಬ ಒಂದೇ ಅಂಕಿ ಈ ವ್ಯತ್ಯಾಸವನ್ನು ನುಂಗಿ ಕೂತಿರುತ್ತದೆ. ಪೆಟ್ಟಿಗೆ ಮಾಡಿದ್ದನ್ನೆಲ್ಲ ಅಂಕಿಗಳ ಚೌಕದಲ್ಲಿ ಬರೆದಿಡುವ 4×4ರ ಪ್ರಕ್ರಿಯಾ ಮಾತೃಕೆಯಲ್ಲಿ ಎರಡಕ್ಕೂ ಕರ್ಣದ ಮೇಲಿನ ಅಂಕಿಗಳು ಒಂದೇ, 0.9045 ಮತ್ತು 0.0955. ಕರ್ಣದಾಚೆ ಸಕ್ಕರೆ ಕೊಳವೆಗೆ 0.294 ಗಾತ್ರದ ಎರಡು ಅಂಕಿಗಳಿವೆ, ಇನ್ನೊಂದಕ್ಕೆ ಅಲ್ಲಿ ಸೊನ್ನೆ. ವರದಿಗಳಲ್ಲಿ ಕರ್ಣದ ಕಂಬಗಳನ್ನಷ್ಟೇ ಚಂದಾಗಿ ಬಿಡಿಸಿ ತೋರಿಸಿದ್ದರೆ ಅನುಮಾನದಿಂದ ನೋಡುವುದು ಒಳ್ಳೆಯದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಒಂದೇ ಕ್ಯೂಬಿಟ್ಟಿನ ಇಷ್ಟೂ ಪ್ರಯೋಗಕ್ಕೆ ಒಂಟಿ ಫೋಟಾನ್ ಬೇಕೇ ಇಲ್ಲ. ಸಾಮಾನ್ಯ ಲೇಸರ್ ಮತ್ತು ಪವರ್ ಮೀಟರ್ ಇಟ್ಟು ಅಳೆದರೂ ಇವೇ ಪ್ರಮಾಣಗಳು ಬರುತ್ತವೆ. ಬೆಳಕಿನ ಶಾಸ್ತ್ರದವರು ಮ್ಯುಲರ್ ಮಾತೃಕೆ ಎಂದು ಬಹುಕಾಲದಿಂದ ಅಳೆಯುತ್ತಿರುವ 16 ಅಂಕಿಗಳು ಹೆಚ್ಚುಕಡಿಮೆ ಇವೇ. ಮಂಡ್ಯದ್ದೋ ಮೈಸೂರಿನದ್ದೋ ಪದವಿ ಕಾಲೇಜಿನ ಭೌತಶಾಸ್ತ್ರ ಲ್ಯಾಬು ಒಂದು ಲೇಸರ್, ಎರಡು ಜೊತೆ ಪ್ಲೇಟ್, ಎರಡು ಪೋಲರೈಸರ್, ಒಂದು ಸಕ್ಕರೆ ಕೊಳವೆ ಇಟ್ಟುಕೊಂಡು ಇದನ್ನು ಪೂರ್ತಿ ಕಲಿಸಬಹುದು. ಒಂಟಿ ಫೋಟಾನಿನ ಡಿಟೆಕ್ಟರ್ ಕೊಂಡ ಮೇಲೆಯೇ ಕ್ವಾಂಟಮ್ ಪಾಠ ಎಂದು ಕಾಯುವುದರಲ್ಲಿ ಅರ್ಥ ಕಾಣುವುದಿಲ್ಲ. ಫೋಟಾನ್ ಅನಿವಾರ್ಯವಾಗುವುದು ಎರಡು ಕ್ಯೂಬಿಟ್ ಒಂದನ್ನೊಂದು ಮುಟ್ಟುವಾಗ.

ಅಳತೆಗೋಲಿನ ಕೊಳೆ

ಟೊಮೊಗ್ರಫಿಯ ನಿಜವಾದ ದೌರ್ಬಲ್ಯ ಗಣಿತದಲ್ಲಿಲ್ಲ. ಒಳಕ್ಕೆ ಬಿಟ್ಟದ್ದು ನಿಖರವಾಗಿ ಓರೆ, ಅಳೆದದ್ದು ನಿಖರವಾಗಿ ಓರೆ ಎಂದು ಅದು ನಂಬುತ್ತದೆ. ತಯಾರಿಯಲ್ಲಿ, ಅಳತೆಯಲ್ಲಿ ಇರುವ ತಪ್ಪೆಲ್ಲ ಪೆಟ್ಟಿಗೆಯ ಖಾತೆಗೆ ಜಮಾ ಆಗುತ್ತದೆ.

ಹಾಫ್ ವೇವ್ ಪ್ಲೇಟನ್ನು ಉಂಗುರಕ್ಕೆ ಕೂರಿಸುವಾಗ ಅಕ್ಷ ಒಂದು ಡಿಗ್ರಿ ಆಚೀಚೆ ಆಯಿತು ಎನ್ನಿ. ಧ್ರುವೀಕರಣ 2 ಡಿಗ್ರಿ ತಪ್ಪುತ್ತದೆ, ಗೋಳದ ಮೇಲೆ 4. ಅಡ್ಡ ಬಿಟ್ಟು ಅಡ್ಡ-ಲಂಬ ನೋಡಿದರೆ ಹತ್ತು ಸಾವಿರದಲ್ಲಿ ಹನ್ನೆರಡು ಫೋಟಾನಿನ ವ್ಯತ್ಯಾಸ, ಗಮನಕ್ಕೇ ಬಾರದು. ಓರೆಯಲ್ಲಿ ನೋಡಿದರೆ 5,000 ಬರಬೇಕಾದ ಕಡೆ 5,350 ಬರುತ್ತದೆ. ಫೋಟಾನ್ ಎಣಿಕೆಯ ಸಹಜ ಏರಿಳಿತ ಎಣಿಕೆಯ ವರ್ಗಮೂಲದಷ್ಟು, 5,000ಕ್ಕೆ ಸುಮಾರು 71. ಅದರ ಐದು ಪಟ್ಟು ತಪ್ಪು ಒಂದು ಸಡಿಲ ಸ್ಕ್ರೂವಿನಿಂದ ಬಂತು. ಇನ್ನೂ ಹೆಚ್ಚು ಹೊತ್ತು ಎಣಿಸಿದರೆ ಅಂಕಿಯ ನಡುಕ ತಗ್ಗುತ್ತದೆ, ತಪ್ಪು ಹಾಗೇ ಇರುತ್ತದೆ. ಅದಕ್ಕೇ ಪ್ಲೇಟಿನ ಅಂಚಿನಲ್ಲಿ ಗೀಚಿದ ಗುರುತನ್ನು ನಂಬದೆ, ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರೈಸರಿನ ನಡುವೆ ಪ್ಲೇಟ್ ಇಟ್ಟು ಬೆಳಕು ಪೂರ್ತಿ ಆರುವ ಕೋನವನ್ನು ಹುಡುಕಿ ಅದನ್ನೇ ಸೊನ್ನೆ ಮಾಡಿಕೊಳ್ಳಬೇಕು.

ತರಂಗದೂರ ಹೊಂದದ ಪ್ಲೇಟ್ ಇನ್ನೊಂದು ಬಲೆ. 780 ನ್ಯಾನೊಮೀಟರಿಗೆ ಮಾಡಿದ ಝೀರೊ ಆರ್ಡರ್ (ಬರೀ ಅರ್ಧ ತರಂಗದ) ಹಾಫ್ ವೇವ್ ಪ್ಲೇಟನ್ನು 810ಕ್ಕೆ ಬಳಸಿದರೆ 180ರ ಬದಲು 173 ಡಿಗ್ರಿ ಹಂತವ್ಯತ್ಯಾಸ ಬರುತ್ತದೆ, ಹೇಗೋ ಸುಧಾರಿಸಬಹುದು. ಕಡಿಮೆ ಬೆಲೆಗೆ ಸಿಕ್ಕಿತೆಂದು ಹತ್ತೂವರೆ ತರಂಗದ ಮಲ್ಟಿ ಆರ್ಡರ್ ಪ್ಲೇಟ್ ತಂದಿದ್ದರೆ 10.5 ಎಂಬುದು 10.11 ಆಗುತ್ತದೆ. ಅರ್ಧ ತರಂಗ ಹೋಗಿ ಒಂಬತ್ತನೆಯ ಒಂದು ಭಾಗ ಉಳಿಯಿತು, ಅದು ಹಾಫ್ ವೇವ್ ಪ್ಲೇಟೇ ಅಲ್ಲ. ಬಣ್ಣ ಬದಲಾದರೂ ಕೆಡದ ಫಲಕವನ್ನು ಮೂರು ಸಾಮಾನ್ಯ ಫಲಕಗಳಿಂದ ಜೋಡಿಸುವ ದಾರಿಯನ್ನು 1955ರಲ್ಲೇ ತೋರಿಸಿದವರು ಅದೇ ಪಂಚರತ್ನಂ.

ಜಾಗ ಸಾಲದೆಂದು ತಯಾರಿಗೂ ಪೆಟ್ಟಿಗೆಗೂ ನಡುವೆ ಕನ್ನಡಿ ಇಟ್ಟು ಬೆಳಕನ್ನು ತಿರುಗಿಸುವುದೂ ರೂಢಿ. 45 ಡಿಗ್ರಿಯಲ್ಲಿ ನಿಂತ ಕನ್ನಡಿ ಅಡ್ಡಕ್ಕೂ ಲಂಬಕ್ಕೂ ಬೇರೆ ಬೇರೆ ಹಂತ ಸೇರಿಸುತ್ತದೆ. ಅಡ್ಡ ಸರಿಯಾಗಿ ಬರುತ್ತದೆ, ಲಂಬ ಸರಿಯಾಗಿ ಬರುತ್ತದೆ, ಓರೆ ಬಿಟ್ಟದ್ದು ಮಾತ್ರ ಮೊಟ್ಟೆಯಾಕಾರದಲ್ಲಿ ಸುತ್ತುತ್ತಾ ಬರುತ್ತದೆ. 'ಮೊದಲೆರಡು ಸರಿ ಬಂತು, ಮೂರನೆಯದು ಕೆಟ್ಟಿತು' ಎಂಬ ಲಕ್ಷಣ ಕಂಡರೆ ಮೊದಲು ಕನ್ನಡಿಯ ಮೇಲೆ ಕಣ್ಣು ಹಾಯಿಸಬೇಕು.

ಇವಕ್ಕೆಲ್ಲ ಸುಲಭದ ಪರೀಕ್ಷೆ ಖಾಲಿ ಓಟ. ಬೆಲ್ಲ ತೂಗುವ ಮೊದಲು ಖಾಲಿ ಡಬ್ಬಿ ತೂಗುವುದಿಲ್ಲವೇ, ಹಾಗೆ. ಪೆಟ್ಟಿಗೆ ತೆಗೆದಿಟ್ಟು ಪೂರ್ತಿ ಟೊಮೊಗ್ರಫಿ ಮಾಡಿ. ನಾಲ್ಕರ ಬದಲು ಆರು ಬಗೆಯನ್ನು (ಎದುರು ಓರೆ, ಎಡಸುತ್ತು ಸೇರಿ) ಬಿಟ್ಟು ಆರು ಬಗೆಯಲ್ಲಿ ಅಳೆದರೆ 36 ಜೋಡಣೆ. ಒಂದೊಂದಕ್ಕೆ 2 ಸೆಕೆಂಡ್ ಎಣಿಕೆ, ಮೋಟಾರ್ ತಿರುಗಲು 6 ಸೆಕೆಂಡ್ ಎಂದರೂ ಐದು ನಿಮಿಷದ ಕೆಲಸ. ಫಿಡೆಲಿಟಿ 1 ಬರಬೇಕು. 0.98 ಬಂದರೆ, ಆ ಮೇಜಿನ ಮೇಲೆ 0.99ರ ಪೆಟ್ಟಿಗೆ ಅಳೆದೆವು ಎನ್ನುವುದು ಹಿಂದೆಮುಂದೆ ನೋಡಬೇಕಾದ ಮಾತು. ಆದರೆ ಖಾಲಿ ಓಟವೂ ಪೂರ್ಣ ಸಾಕ್ಷಿಯಲ್ಲ. ತಯಾರಿಯ ತಪ್ಪು ಮತ್ತು ಅಳತೆಯ ತಪ್ಪು ಒಂದನ್ನೊಂದು ಹೊಡೆದುಹಾಕಿ ಖಾಲಿ ಓಟ ಚೊಕ್ಕವಾಗಿ ಕಾಣಬಹುದು, ನಡುವೆ ಪೆಟ್ಟಿಗೆ ಬಂದಾಗ ಎರಡೂ ಬಾಯಿಬಿಡಬಹುದು. ತಯಾರಿ, ಪ್ರಕ್ರಿಯೆ, ಅಳತೆ ಮೂರನ್ನೂ ಒಟ್ಟಿಗೇ ಗೊತ್ತಿಲ್ಲದ್ದೆಂದು ಹಿಡಿದು ಬಿಡಿಸುವ ಗೇಟ್ ಸೆಟ್ ಟೊಮೊಗ್ರಫಿ ಹುಟ್ಟಿದ್ದು ಈ ತಲೆನೋವಿನಿಂದ. ಅದಕ್ಕೆ ಬೇಕಾಗುವ ಅಳತೆಗಳು ಇನ್ನೂ ಹೆಚ್ಚು.

ಈಗ ಆ ಋಣ ಅಂಕಿಗಳ ಕಥೆ. ಎಣಿಕೆಯಲ್ಲಿ ಏರಿಳಿತ ಇದ್ದೇ ಇರುವುದರಿಂದ, ನೇರವಾಗಿ ಲೆಕ್ಕ ಬಿಡಿಸಿದರೆ ಮಾತೃಕೆಯಲ್ಲಿ -0.01, -0.02ರಂಥ ಋಣ ಐಗನ್‌ಮೌಲ್ಯಗಳು, ಅಂದರೆ ಮೇಲೆ ಹೇಳಿದ ಋಣ ಸಂಭವನೀಯತೆಗಳು, ಬರುತ್ತವೆ. ಅಂಥ ಪ್ರಕ್ರಿಯೆ ಲೋಕದಲ್ಲಿಲ್ಲ. ಆದ್ದರಿಂದ ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನ ಬಳಸಿ, ಸಾಧ್ಯವಿರುವ ಪ್ರಕ್ರಿಯೆಗಳಲ್ಲಿ ಎಣಿಕೆಗೆ ಅತಿ ಹೊಂದುವುದನ್ನು ಆಯ್ಕೆ ಮಾಡುತ್ತಾರೆ. ವಿಧಾನ ಒಳ್ಳೆಯದೇ. ತಕರಾರು ಇರುವುದು ಅದನ್ನು ಇಸ್ತ್ರಿ ಪೆಟ್ಟಿಗೆಯಂತೆ ಬಳಸುವ ಅಭ್ಯಾಸದ ಬಗ್ಗೆ. ಋಣಮೌಲ್ಯ ಏರಿಳಿತದ ಮಿತಿಯೊಳಗಿದ್ದರೆ ಸರಿ. -0.08 ಬಂದಿದ್ದರೆ ಎಲ್ಲೋ ಪ್ಲೇಟ್ ತಪ್ಪಿದೆ ಎಂದು ದತ್ತಾಂಶ ಕೂಗಿ ಹೇಳುತ್ತಿದೆ ಎಂದರ್ಥ. ಲೈಕ್ಲಿಹುಡ್ ಆ ಕೂಗನ್ನು ಅಡಗಿಸಿ ನಯವಾದ ಉತ್ತರ ಕೊಡುತ್ತದೆ. ಮೊದಲು ಹಸಿ ಲೆಕ್ಕ ನೋಡಿ, ಆಮೇಲೆ ಇಸ್ತ್ರಿ ಮಾಡಬೇಕು.

ಕಳೆದುಹೋದ ಫೋಟಾನ್‌ಗಳ ವಿಷಯವನ್ನೂ ಮರೆಯುವಂತಿಲ್ಲ. ಎಣಿಸಿದ್ದು ಬದುಕಿ ಬಂದವನ್ನು ಮಾತ್ರ. ನಷ್ಟ ಎಲ್ಲ ಧ್ರುವೀಕರಣಕ್ಕೂ ಸಮನಾಗಿದ್ದರೆ ತೊಂದರೆಯಿಲ್ಲ. ಓರೆಯಾಗಿ ನಿಂತ ಒಂದು ಗಾಜಿನ ತುಂಡು ಕೂಡ ಒಂದು ಧ್ರುವೀಕರಣವನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ದಾಟಿಸುತ್ತದೆ. ಆಗ 'ಒಳಹೋದದ್ದೆಲ್ಲ ಹೊರಬಂತು' ಎಂಬ ಷರತ್ತನ್ನು ಲೆಕ್ಕದಲ್ಲಿ ಬಲವಂತವಾಗಿ ಹೇರಿದರೆ ಉತ್ತರ ತಿರುಚಿಕೊಳ್ಳುತ್ತದೆ.

ಎರಡಾದಾಗ

ಎರಡು ಕ್ಯೂಬಿಟ್‌ನ ಗೇಟಿಗೆ (ಕ್ಯೂಬಿಟ್‌ಗಳ ಮೇಲೆ ನಡೆಸುವ ಲೆಕ್ಕದ ಒಂದು ಹೆಜ್ಜೆಗೆ) ಬಂದರೆ ಲೆಕ್ಕದ ಸ್ವರೂಪವೇ ಬೇರೆ. ಮಾತೃಕೆ 16×16, ಅಂದರೆ 256 ಅಂಕಿ, ಅದರಲ್ಲಿ ಸ್ವತಂತ್ರವಾದವು 240. ಫೋಟಾನ್‌ಗಳು ಒಂದನ್ನೊಂದು ತಾನಾಗಿ ಮುಟ್ಟುವುದಿಲ್ಲ. ಬೆಳಕನ್ನು ಎರಡು ದಾರಿಗೆ ಹಂಚುವ ಒಂದೇ ಬೀಮ್ ಸ್ಪ್ಲಿಟರಿನಲ್ಲಿ ಎರಡು ಒಂದೇ ಕ್ಷಣಕ್ಕೆ ಸೇರಿದಾಗ ಆಗುವ ವ್ಯತಿಕರಣವೇ ಗತಿ. 1987ರಲ್ಲಿ ಹಾಂಗ್, ಊ, ಮ್ಯಾಂಡೆಲ್ ತೋರಿಸಿದ್ದು ಅದನ್ನೇ. ಮೂರರಲ್ಲೊಂದು ಭಾಗವನ್ನು ಬೇರ್ಪಡಿಸುವ ಸ್ಪ್ಲಿಟರುಗಳಿಂದ ಸಿ-ನಾಟ್ ಗೇಟ್ (ಒಂದು ಕ್ಯೂಬಿಟ್ಟಿನ ಸ್ಥಿತಿ ನೋಡಿ ಇನ್ನೊಂದನ್ನು ತಿರುವಿಹಾಕುವ ಗೇಟ್) ಕಟ್ಟಬಹುದು, ಒಂಬತ್ತರಲ್ಲಿ ಒಂದು ಸಲ ಮಾತ್ರ ಅದು ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ ಇಂಥ ಗೇಟನ್ನು ನಡೆಸಿ ತೋರಿಸಿ, 2004ರಲ್ಲಿ ಅದರ ಪೂರ್ತಿ ಪ್ರಾಸೆಸ್ ಟೊಮೊಗ್ರಫಿಯನ್ನೂ ಪ್ರಕಟಿಸಿತು.

ಫಿಡೆಲಿಟಿ ಎಂಬ ಪದ ಇಲ್ಲಿ ಎರಡು ಅರ್ಥದಲ್ಲಿ ಓಡಾಡುತ್ತದೆ. ಪ್ರಕ್ರಿಯಾ ಫಿಡೆಲಿಟಿ ಒಂದು, ಎಲ್ಲ ಒಳಸ್ಥಿತಿಗಳ ಮೇಲಿನ ಸರಾಸರಿ ಫಿಡೆಲಿಟಿ ಇನ್ನೊಂದು. ಎರಡನೆಯದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ನಮ್ಮ ಸಕ್ಕರೆ ಕೊಳವೆಯ 0.9045 ಸರಾಸರಿ ಲೆಕ್ಕದಲ್ಲಿ 0.936. ಎರಡು ಕ್ಯೂಬಿಟ್‌ನಲ್ಲಿ 0.87 ಇದ್ದದ್ದು 0.896 ಆಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಯಾವುದನ್ನು ಹೇಳಿದ್ದಾರೆ ಎಂದು ಕೇಳಬೇಕು.

ಇನ್ನು 50 ಕ್ಯೂಬಿಟ್‌ನ ಯಂತ್ರವನ್ನು ಹೀಗೆ ಪೂರ್ತಿ ಅಳೆಯುವುದು ಆಗದ ಮಾತು. ಒಂದೊಂದು ಕ್ಯೂಬಿಟ್ ಸೇರಿದಾಗಲೂ ಅಂಕಿಗಳು 16 ಪಟ್ಟಾಗುತ್ತವೆ. ಮೂರಕ್ಕೆ 4,096, ಐವತ್ತಕ್ಕೆ ಒಂದರ ಮುಂದೆ ಅರವತ್ತು ಸೊನ್ನೆ. ರ್‍ಯಾಂಡಮೈಸ್ಡ್ ಬೆಂಚ್‌ಮಾರ್ಕಿಂಗ್, ಕಂಪ್ರೆಸ್ಡ್ ಸೆನ್ಸಿಂಗ್ ಮೊದಲಾದ ಅಡ್ಡದಾರಿಗಳು ಅದಕ್ಕೇ ಬಂದವು. ಕಡಿಮೆ ಅಳತೆ, ಕಡಿಮೆ ಉತ್ತರ. ಬೆಂಚ್‌ಮಾರ್ಕಿಂಗ್ ಸರಾಸರಿ ತಪ್ಪೆಷ್ಟು ಎನ್ನುತ್ತದೆ, ತಿರುಗಿದ ಗೋಳವೋ ನಿಂಬೆಹಣ್ಣೋ ಎನ್ನುವುದಿಲ್ಲ. ಕಂಪ್ರೆಸ್ಡ್ ಸೆನ್ಸಿಂಗ್ ಪ್ರಕ್ರಿಯೆ ಸರಳವಾಗಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತದೆ, ಮತ್ತೆ ಪೋಲಾರಿಮೀಟರಿನ ದಾರಿಯೇ. ಹಾಗಾಗಿ ಗೇಟುಗಳನ್ನು ಬಿಡಿಬಿಡಿಯಾಗಿ, ಒಂದು-ಎರಡು ಕ್ಯೂಬಿಟ್ ಮಟ್ಟದಲ್ಲಿ, ಒಮ್ಮೆಯಾದರೂ ಪೂರ್ತಿ ಅಳೆದಿಟ್ಟುಕೊಂಡು ಆಮೇಲೆ ಅಡ್ಡದಾರಿ ಹಿಡಿಯುವುದೇ ಸರಿಯಾದ ಕ್ರಮ ಎನಿಸುತ್ತದೆ.

ಆ ಒಮ್ಮೆಯೂ ಸುಲಭವಲ್ಲ. ಎರಡು ಕ್ಯೂಬಿಟ್‌ಗೆ ಆರು ಬಗೆಯ ಪೂರ್ಣ ಅಳತೆ ಎಂದರೆ 1,296 ಜೋಡಣೆ. ಒಂಬತ್ತರಲ್ಲೊಂದು ಗೆಲ್ಲುವ ಗೇಟಿನಲ್ಲಿ ಎಣಿಕೆ ಸಾಕಷ್ಟಾಗಲು ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೆ 21 ಗಂಟೆ 36 ನಿಮಿಷ. 256 ಜೋಡಣೆಯ ಕನಿಷ್ಠ ದಾರಿ ಹಿಡಿದರೂ ನಾಲ್ಕು ಗಂಟೆ ಮೀರುತ್ತದೆ. ಮಾರ್ಚ್ ತಿಂಗಳ ಮೈಸೂರಿನಲ್ಲಿ ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿಗೂ ಮೀರಿದ ಅಂತರವಿರುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಹಲಗೆ ಡಿಗ್ರಿಗೆ 23 ಮೈಕ್ರೊಮೀಟರ್ ಹಿಗ್ಗುತ್ತದೆ. 3 ನ್ಯಾನೊಮೀಟರ್ ಫಿಲ್ಟರ್ ಹಾಕಿದ 810ರ ಫೋಟಾನಿನ ಉದ್ದ ಸುಮಾರು 219 ಮೈಕ್ರೊಮೀಟರ್ ಮಾತ್ರ. ಎರಡೂ ದಾರಿ ಸಮನಾಗಿ ಹಿಗ್ಗಿದರೆ ಚಿಂತೆಯಿಲ್ಲ. ಒಂದು ಕಿಟಕಿಯ ಪಕ್ಕ, ಇನ್ನೊಂದು ಗೋಡೆಯ ಪಕ್ಕ ಇದ್ದರೆ ನಡುರಾತ್ರಿಯ ಹೊತ್ತಿಗೆ ಫೋಟಾನ್‌ಗಳ ಭೇಟಿಯ ಸಮಯ ತಪ್ಪುತ್ತದೆ. ಲೇಸರ್ ಡಯೋಡಿನ ಬಣ್ಣವೂ ಡಿಗ್ರಿಗೆ ಸುಮಾರು 0.05 ನ್ಯಾನೊಮೀಟರ್ ಸರಿಯುತ್ತದೆ, ಅದಕ್ಕೆ ಪ್ರತ್ಯೇಕ ತಾಪ ನಿಯಂತ್ರಣ ಬೇಕೇ ಬೇಕು. ನಡುವೆ ಕರೆಂಟ್ ಹೋಗಿ ಬಂದರೆ ಮೋಟಾರ್ ಉಂಗುರಗಳು ತಮ್ಮ ಸೊನ್ನೆಯನ್ನೇ ಮರೆತಿರುತ್ತವೆ, ಮತ್ತೆ ಹೋಮಿಂಗ್ ಮಾಡಿಸದೆ ಮುಂದುವರಿದರೆ ಅಲ್ಲಿಂದಾಚೆಯ ಎಣಿಕೆಯೆಲ್ಲ ಅರ್ಥಹೀನ. ಯುಪಿಎಸ್ ಲೇಸರಿಗಿಂತ ಮೊದಲು ಮೋಟಾರ್ ಕಂಟ್ರೋಲರಿಗೆ ಬೇಕು.

ಅದಕ್ಕೆ ಜೋಡಣೆಗಳನ್ನು ಪುಸ್ತಕದ ಕ್ರಮದಲ್ಲಿ ನಡೆಸದೆ ಕಲಸಿ ನಡೆಸುತ್ತಾರೆ. ಇಲ್ಲದಿದ್ದರೆ ಬೆಳಗಿನ ಜಾವದ ಚಳಿಯೆಲ್ಲ ಒಂದೇ ಬಗೆಯ ಒಳಸ್ಥಿತಿಯ ತಲೆಗೆ ಬೀಳುತ್ತದೆ. ಮೊಟ್ಟಮೊದಲ ಜೋಡಣೆಯನ್ನು ಗಂಟೆಗೊಮ್ಮೆ, ಕಟ್ಟಕಡೆಗೆ ಇನ್ನೊಮ್ಮೆ ಅಳೆಯುತ್ತಾರೆ. ಸಂಜೆ 10,000 ಬಂದದ್ದು ಮರುದಿನ ಮಧ್ಯಾಹ್ನ 9,850 ಬಂದರೆ ಸಹಜ ಏರಿಳಿತ. 9,400 ಬಂದರೆ ವ್ಯತ್ಯಾಸ 600, ಎರಡರ ಮೊತ್ತದ ವರ್ಗಮೂಲ 139, ಅದರ ನಾಲ್ಕು ಪಟ್ಟಿಗೂ ಹೆಚ್ಚು. ಗಂಟೆಗೊಮ್ಮೆಯ ಅಳತೆಗಳಲ್ಲಿ ಇಳಿಕೆ ಎಲ್ಲಿಂದ ಶುರುವಾಯಿತು ಎಂದು ನೋಡಿ, ಅಲ್ಲಿಂದಾಚೆಯದನ್ನೆಲ್ಲ ಬಿಸಾಡಿ, ಜೋಡಣೆ ಸರಿಮಾಡಿ ಮತ್ತೆ ಓಡಿಸಬೇಕು.